ಆಗುಂಬೆಗೆ ಹೊರಟವಳಿಗೆ

ತೀರ್ಥಹಳ್ಳಿ

ಪುಟ್ಟಿ,

ನಿನ್ನಮ್ಮ ಮೊನ್ನೆ ರಾತ್ರಿ ಫೋನ್ ಮಾಡಿದ್ದಳು. ನೀನು ಹೊಸ ಬೈಕಿನಲ್ಲಿ, ನಿನ್ನ ಆಫೀಸಿನ ಗೆಳತಿ ಅವಳ ಬೈಕಿನಲ್ಲಿ, ಇಬ್ಬರೇ ಬೆಂಗಳೂರಿನಿಂದ ಹೊರಟು ಆಗುಂಬೆ ಘಾಟಿ ಇಳಿದು ಬರುತ್ತೀರಂತೆ. "ನೀನಾದ್ರೂ ಬೇಡ ಅಂತ ಹೇಳಣ್ಣ, ನಿನ್ನ ಮಾತು ಕೇಳ್ತಾಳೆ" ಅಂದಳು. ನಾನು ಹೋಗು ಅನ್ನುವುದಕ್ಕೇ ಬರೆಯುತ್ತಿದ್ದೇನೆ. ಅವಳ ಭಯ ಸುಳ್ಳಲ್ಲ. ಆದರೆ ನಿನ್ನ ವಯಸ್ಸಿನಲ್ಲಿ ಒಬ್ಬ ಸ್ನೇಹಿತನ ಜೊತೆ ಈ ದಾರಿಗಳಲ್ಲಿ ತಿರುಗಿದ್ದರಿಂದ ನನಗೆ ಸಿಕ್ಕಿದ್ದು ಬೇರೆ ಎಲ್ಲೂ ಸಿಗಲಿಲ್ಲ. ಅದು ನಿನಗೂ ಸಿಗಲಿ ಎಂಬ ಆಸೆ. ನಿನ್ನಂಥ ಎಷ್ಟೋ ಮಕ್ಕಳು ಶನಿವಾರ, ಭಾನುವಾರ ನಮ್ಮೂರಿನ ತುಂಗಾ ಸೇತುವೆ ದಾಟಿ ಹೋಗುವುದನ್ನು ನೋಡುತ್ತಿರುತ್ತೇನೆ. ಅವರಿಗೂ ಮುಟ್ಟಲಿ ಎಂದು ಈ ಕಾಗದವನ್ನು ಪತ್ರಿಕೆಗೂ ಕೊಡುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ಮೊದಲು ರಜೆಯ ಮಾತು. ಈ ದಾರಿಗೆ ಎರಡು ದಿನ ಸಾಲದು. ಬೆಂಗಳೂರಿನಿಂದ ಶಿವಮೊಗ್ಗಕ್ಕೇ ಸುಮಾರು 300 ಕಿ.ಮೀ., ಅಲ್ಲಿಂದ ನಮ್ಮೂರಿಗೆ 60ಕ್ಕೂ ಮೇಲೆ, ಆಮೇಲೆ ಆಗುಂಬೆಗೆ ಇನ್ನೂ 30 ಚಿಲ್ಲರೆ. ಭಾನುವಾರ ಬೆಳಗ್ಗೆ ಘಾಟಿ ಇಳಿದು ಹತ್ತಿ, ಮಧ್ಯಾಹ್ನ ಉಂಡು ಬೆಂಗಳೂರಿಗೆ ಹೊರಟರೆ ತುಮಕೂರು ದಾಟುವ ಹೊತ್ತಿಗೆ ಕತ್ತಲಾಗಿರುತ್ತದೆ. ಊರಿಗೆ ಬಂದವರೆಲ್ಲ ಅದೇ ರಾತ್ರಿ ವಾಪಸು ಹೊರಟಿರುತ್ತಾರೆ. ಬಸ್ಸು, ಲಾರಿ, ಕಾರುಗಳ ನಡುವೆ ನೆಲಮಂಗಲದ ಆ ದಟ್ಟಣೆಯಲ್ಲಿ, ದಿನವಿಡೀ ಕೂತು ಮರಗಟ್ಟಿದ ಸೊಂಟ, ಎದುರು ಬೆಳಕಿಗೆ ಕುಕ್ಕುವ ಕಣ್ಣು. ಘಾಟಿಯ ತಿರುವುಗಳಿಗಿಂತ ನನಗೆ ಆ ಭಾನುವಾರದ ರಾತ್ರಿಯೇ ಹೆಚ್ಚು ಭಯ. ಘಾಟಿಯಲ್ಲಿ ಎಲ್ಲರೂ ಎಚ್ಚರವಾಗಿರುತ್ತಾರೆ, ನೇರ ರಸ್ತೆಯಲ್ಲಿ ತೂಕಡಿಕೆ ಹತ್ತುತ್ತದೆ. ಸೋಮವಾರ ರಜೆ ಹಾಕಿ ಬಾ. ರಜೆ ಸಿಗದಿದ್ದರೆ ಇನ್ನೊಂದು ವಾರ ನೋಡಿಕೊಳ್ಳಿ.

ಶನಿವಾರ ಬೆಳಕು ಹರಿಯುವಾಗ ಹೊರಡಿ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನಿ. ತಿಪಟೂರು, ಅರಸೀಕೆರೆ, ಕಡೂರಿನ ಆ ತೆಂಗಿನ ಸೀಮೆಯಲ್ಲಿ ಅವಸರ ಬೇಡ. ಇನ್ನೊಂದು ತಿಂಗಳು ಕಳೆದು ಬಂದರೆ ಅಲ್ಲಿ ರಸ್ತೆಯ ಮೇಲೇ ರಾಗಿ ತೆನೆಯನ್ನೋ ಹುರುಳಿ ಕಟ್ಟನ್ನೋ ಒಕ್ಕಣೆಗೆ ಹರಡಿರುತ್ತಾರೆ. ಒಣ ಕಡ್ಡಿಯ ಮೇಲೆ ಬ್ರೇಕ್ ಹಿಡಿದರೆ ಚಕ್ರ ನಿಲ್ಲುವುದಿಲ್ಲ. ದೂರದಿಂದಲೇ ವೇಗ ಇಳಿಸಿ, ಹ್ಯಾಂಡಲ್ ಅಲುಗಾಡಿಸದೆ ನೇರವಾಗಿ ದಾಟಬೇಕು. ಶಿವಮೊಗ್ಗದಲ್ಲಿ ಹೊಟ್ಟೆ ಬಿರಿಯೆ ಉಣ್ಣಬೇಡಿ, ಊಟ ನಮ್ಮ ಮನೆಯಲ್ಲೇ ಆಗಲಿ.

ಗಾಜನೂರು ದಾಟಿದ ಮೇಲೆ ದಾರಿ ಬೇರೆಯೇ ಆಗುತ್ತದೆ. ತುಂಗೆ ಪಕ್ಕದಲ್ಲೇ ಬರುತ್ತಾಳೆ. ಮಂಡಗದ್ದೆಯಲ್ಲಿ ಬೈಕನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಿ, ಹೊಳೆಯ ನಡುಗಡ್ಡೆಯ ಮರಗಳನ್ನು ನೋಡಿ. ಮಳೆಗಾಲದಲ್ಲಿ ಗೂಡು ಕಟ್ಟಿದ ಬೆಳ್ಳಕ್ಕಿ, ನೀರುಕಾಗೆಗಳಲ್ಲಿ ತಡವಾಗಿ ಮರಿ ಮಾಡಿದವು ಅಕ್ಟೋಬರಿನಲ್ಲೂ ಇರುವುದುಂಟು.

ಇನ್ನು, ಈ ಕಾಗದ ಬರೆಯಲು ಕೂತದ್ದೇ ಯಾವ ಕಾರಣಕ್ಕೋ ಅದನ್ನು ಹೇಳುತ್ತೇನೆ. ಗಾಡಿ ಓಡಿಸುವುದನ್ನು ನಿನಗೆ ನಾನು ಕಲಿಸಬೇಕಾಗಿಲ್ಲ. ಜೊತೆಗೊಬ್ಬರನ್ನು ಕರೆದುಕೊಂಡು ಹೋಗುವುದು ಬೇರೆಯದೇ ವಿದ್ಯೆ. ನಿನ್ನದು 350 ಸಿ.ಸಿ., ಅವಳದು 125 ಎಂದಳು ನಿನ್ನಮ್ಮ. 2019ರ ಏಪ್ರಿಲ್‌ನಿಂದ 125ಕ್ಕೂ ಮೇಲಿನ ಬೈಕುಗಳಿಗೆ, ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಕಡ್ಡಾಯ, ಹಾಗಾಗಿ ನಿನ್ನದಕ್ಕೆ ಅದು ಇದೆ. ಅವಳದರಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಒಂದು ಬ್ರೇಕ್ ಒತ್ತಿದರೆ ಎರಡೂ ಚಕ್ರಕ್ಕೆ ಹಿಡಿಯುವ ಏರ್ಪಾಡಷ್ಟೇ ಇರುತ್ತದೆ. ಚಕ್ರ ಕಚ್ಚಿಕೊಂಡು ಜಾರುವುದನ್ನು ಅದು ತಡೆಯುವುದಿಲ್ಲ. ನೀನು ನಿಲ್ಲಿಸಿದಷ್ಟು ಜಾಗದಲ್ಲಿ ಅವಳಿಗೆ ನಿಲ್ಲಿಸಲಿಕ್ಕಾಗದು. ಏರಿನಲ್ಲಿ ನೀನು ಲಾರಿ ಹಿಂದೆ ಹಾಕಿದಷ್ಟು ಸಲೀಸಾಗಿ ಅವಳಿಗೆ ಆಗದು. ನೀನು ಲೀಲಾಜಾಲವಾಗಿ ಹೋಗುವ ವೇಗದಲ್ಲಿ ಅವಳ ಗಾಡಿ ಇಡೀ ದಿನ ನಡುಗುತ್ತ, ಅವಳ ಅಂಗೈ ಜೋಮು ಹಿಡಿಯುತ್ತ ಬರುತ್ತಿರುತ್ತದೆ. ಇದನ್ನು ಅವಳು ಬಾಯಿಬಿಟ್ಟು ಹೇಳುವುದಿಲ್ಲ. ಗೆಳತಿಯ ಖುಷಿಗೆ ತಾನು ಅಡ್ಡಿಯಾಗಬಾರದು ಎಂದುಕೊಂಡಿರುತ್ತಾಳೆ. ಹಾಗಾಗಿ ಇಬ್ಬರ ವೇಗ ಎಷ್ಟಿರಬೇಕೆಂದು ತೀರ್ಮಾನಿಸಬೇಕಾದವಳು ಅವಳು. ಹೊರಡುವ ಮೊದಲೇ ನೀನಾಗಿ ಹಾಗೆ ಹೇಳಿಬಿಡು.

ಮೊದಲು ಹೇಳಿದೆನಲ್ಲ, ಆ ಸ್ನೇಹಿತನದೂ ನನ್ನದೂ ಯೆಜ್ಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಗಾಡಿ. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಕಿಕ್ಕರ್, ಗೇರು ಎರಡಕ್ಕೂ ಎಡಗಾಲಿನ ಹತ್ತಿರ ಒಂದೇ ಲಿವರ್, ಎರಡು ಸೈಲೆನ್ಸರ್, ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ಟೂ ಸ್ಟ್ರೋಕ್ ಎಂಜಿನ್ ಇಳಿಜಾರಿನಲ್ಲಿ ಗಾಡಿಯನ್ನು ಹೆಚ್ಚು ಹಿಡಿಯುತ್ತಿರಲಿಲ್ಲ. ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಇಳಿಯುತ್ತಲೇ ಹೋದರೆ ಎಂಜಿನ್‌ಗೆ ಪೆಟ್ರೋಲಿನ ಜೊತೆ ಬರುವ ಆಯಿಲೂ ಕಡಿಮೆಯಾಗುತ್ತಿತ್ತು, ನಡುನಡುವೆ ಒಂಚೂರು ತಿರುಪಿ ಕೊಡಬೇಕಿತ್ತು. ಅವನು ನನಗಿಂತ ಚೆನ್ನಾಗಿ ಓಡಿಸುತ್ತಿದ್ದ, ಮುಂದೆ ಹೋಗುತ್ತಿದ್ದ. ಆದರೆ ಪ್ರತಿ ಕೂಡುರಸ್ತೆಯಲ್ಲೂ ಗಾಡಿ ಆಫ್ ಮಾಡಿ, ಹೆಲ್ಮೆಟ್ ತೆಗೆದು, ದಾರಿಯ ಕಡೆ ಕಿವಿಕೊಟ್ಟು ನಿಂತಿರುತ್ತಿದ್ದ. ನನ್ನ ಸೈಲೆನ್ಸರ್ ಸದ್ದು ಕೇಳಿಸಿದ ಮೇಲೂ ಹೊರಡುತ್ತಿರಲಿಲ್ಲ. ನಾನು ಬಂದು ಸ್ಟ್ಯಾಂಡ್ ಹಾಕಿ, ನೀರು ಕುಡಿದು, ಕೈಕಾಲು ಕೊಡವಿ, ಒಂದಷ್ಟು ಹೊತ್ತು ಕೂರುವವರೆಗೆ ಏನೂ ಗೊತ್ತಿಲ್ಲದವನ ಹಾಗೆ ತನ್ನ ಗಾಡಿಯ ಚೈನೋ ಕೇಬಲೋ ನೋಡುತ್ತಿರುತ್ತಿದ್ದ. ತಡವಾಯಿತೇಕೆ ಎಂದು ಎಂದೂ ಕೇಳಿದವನಲ್ಲ.

ಇದರ ಬೆಲೆ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಈಗಿನ ಹುಡುಗರು ಹೋಗುವುದನ್ನು ನೋಡಿದಾಗ. ಮುಂದಿನವನು ನಿಂತು, ಹತ್ತು ನಿಮಿಷ ಸುಧಾರಿಸಿಕೊಂಡು, ಚಹಾ ಕುಡಿದು, ಹಿಂದಿನವನು ಬಂದ ತಕ್ಷಣ "ಹೊರಡೋಣ್ವಾ" ಅನ್ನುತ್ತಾನೆ. ಹೆಚ್ಚು ದಣಿದವನಿಗೇ ದಿನವಿಡೀ ವಿಶ್ರಾಂತಿ ಸಿಗುವುದಿಲ್ಲ. ಸಂಜೆ ಹೊತ್ತಿಗೆ ತಪ್ಪು ಮಾಡುವವನೂ ಅವನೇ. ನಿನ್ನ ಗೆಳತಿ ಬಂದು ನಿಂತ ಮೇಲೆ ಅವಳ ವಿಶ್ರಾಂತಿ ಶುರುವಾಗುತ್ತದೆ ಎಂದು ಲೆಕ್ಕ ಹಿಡಿ. ಹೊರಡೋಣ ಎಂಬ ಮಾತು ಅವಳ ಬಾಯಿಂದಲೇ ಬರಲಿ.

ಎಲ್ಲೆಲ್ಲಿ ನಿಲ್ಲಬೇಕೆಂದು ಮೊದಲೇ ಮಾತಾಡಿಕೊಳ್ಳಿ: ಮೇಗರವಳ್ಳಿ, ಗುಡ್ಡೇಕೇರಿ, ಆಗುಂಬೆ ಪೇಟೆ, ಕೆಳಗೆ ಸೋಮೇಶ್ವರ. ಘಾಟಿಯಲ್ಲಿ ಫೋನನ್ನು ನೆಚ್ಚಿಕೊಳ್ಳಬೇಡಿ, ಕಾಡಿನೊಳಗೆ ಸಿಗ್ನಲ್ ಸಿಕ್ಕರೆ ಸಿಕ್ಕಿತು. ಅಕ್ಕಪಕ್ಕ ಮಾತಾಡುತ್ತ ಹೋಗುವುದು ಎಲ್ಲೂ ಬೇಡ. ಮುಂದಿನ ಗಾಡಿ ದಾಟಿದ ಮೈಲಿಗಲ್ಲನ್ನು ಹಿಂದಿನದು ದಾಟಲು ಎರಡು ಸೆಕೆಂಡಾದರೂ ಆಗಬೇಕು, ಒದ್ದೆ ರಸ್ತೆಯಲ್ಲಿ ನಾಲ್ಕು.

ಬಯಲಿನಲ್ಲಿ ನೀನು ಮುಂದೆ ಇರು. ಆಗುಂಬೆಯಿಂದ ಕೆಳಗಿಳಿಯುವಾಗ ಅವಳನ್ನು ಮುಂದೆ ಬಿಡು. ಇದಕ್ಕೆ ಒಪ್ಪದವರಿದ್ದಾರೆ, ಅನುಭವಿಗಳೇ ಮುಂದಿರಬೇಕು ಅನ್ನುತ್ತಾರೆ. ನನ್ನ ಅಭಿಪ್ರಾಯ ಬೇರೆ. ಹಿಂದೆ ಇರುವವರ ಕಣ್ಣು ರಸ್ತೆಯ ಮೇಲಿರುವುದಿಲ್ಲ, ಮುಂದಿನವರ ಟೇಲ್‌ಲ್ಯಾಂಪ್ ಮೇಲೆ ನೆಟ್ಟಿರುತ್ತದೆ. ನೀನು ತಿರುವಿಗೆ ನುಗ್ಗಿದ ವೇಗದಲ್ಲೇ ಅವಳೂ ನುಗ್ಗುತ್ತಾಳೆ, ಅವಳಿಗೆ ಅದು ಹೆಚ್ಚಾಗಿರುತ್ತದೆ. ಮುಂದೆ ಇದ್ದರೆ ದಾರಿಯನ್ನು ತಾನೇ ಓದಿಕೊಂಡು ತನ್ನ ಪಾಡಿಗೆ ಇಳಿಯುತ್ತಾಳೆ. ನೀನು ಅವಳ ಕನ್ನಡಿಯ ತುಂಬ ನಿನ್ನ ಹೆಡ್‌ಲೈಟ್ ತುಂಬದಷ್ಟು ದೂರದಲ್ಲಿ ಬಾ.

14 ಹೇರ್‌ಪಿನ್ ತಿರುವುಗಳಿವೆ. ಅಗಲ ಕಡಿಮೆ ಇರುವುದರಿಂದ ಭಾರೀ ವಾಹನಗಳನ್ನು ಈ ಘಾಟಿಗೆ ಬಿಡುವುದಿಲ್ಲ. ಆದರೆ ಉಡುಪಿ ಕಡೆಯ ಮಿನಿ ಬಸ್ಸುಗಳು ಬರುತ್ತವೆ, ಅವು ತಿರುಗುವಾಗ ಇಡೀ ರಸ್ತೆ ಅವಕ್ಕೇ ಬೇಕು. ತಿರುವಿಗೆ ಮೊದಲೇ ಹಾರ್ನ್ ಮಾಡಿ, ಬಸ್ಸಿನ ಸದ್ದು ಕೇಳಿದರೆ ಮೇಲೆಯೇ ನಿಂತುಬಿಡಿ. ಇಕ್ಕಟ್ಟಾದ ಬೆಟ್ಟದ ರಸ್ತೆಯಲ್ಲಿ ಹತ್ತುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕೆಂಬುದು ಕಾನೂನೂ ಹೌದು. ಸೆಕೆಂಡ್ ಗೇರಿಗೆ ಇಳಿಸುವುದು, ಬ್ರೇಕ್ ಹಿಡಿಯುವುದು ಎಲ್ಲ ಗಾಡಿ ನೇರವಾಗಿರುವಾಗಲೇ ಮುಗಿಯಲಿ. ವಾಲಿದ ಮೇಲೆ ಬ್ರೇಕ್ ಮುಟ್ಟಬೇಡಿ, ಕ್ಲಚ್ ಹಿಡಿಯಬೇಡಿ. ಕಣ್ಣು ಕಂದಕದ ಕಡೆ ಹೋದರೆ ಗಾಡಿಯೂ ಅತ್ತಲೇ ಎಳೆಯುತ್ತದೆ. ತಿರುವು ಎಲ್ಲಿ ಮುಗಿಯುತ್ತದೋ ಅಲ್ಲಿಗೆ ದೃಷ್ಟಿ ಇಡಿ. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವವರನ್ನು ನೋಡುತ್ತೀರಿ. ನಿಮಗೆ ಅದು ಬೇಡವೇ ಬೇಡ.

ಆಗುಂಬೆಗೆ ವರ್ಷಕ್ಕೆ 7,000 ಮಿ.ಮೀ.ಗೂ ಮೇಲೆ ಮಳೆ ಬೀಳುತ್ತದೆ. ಮಳೆ ನಿಂತು ವಾರವಾದರೂ ರಸ್ತೆ ಪಕ್ಕದ ಧರೆಯಿಂದ ನೀರು ಜಿನುಗುತ್ತಲೇ ಇರುತ್ತದೆ. ಮೇಲೆ ನೀಲಿ ಆಕಾಶ, ಕೆಳಗೆ ನೆರಳಿನ ತಿರುವಿನಲ್ಲಿ ಒದ್ದೆ ಪಟ್ಟಿ, ಅದರ ಅಂಚಿಗೆ ಹಸಿರು ಹಾವಸೆ. ಬಿದ್ದವರಲ್ಲಿ ಎಷ್ಟೋ ಜನ ಬಿದ್ದದ್ದು ಇಂಥ ಕಡೆ, ಬಿಸಿಲಿನ ದಿನ. ಈಗ ಚಿತ್ತೆ ಮಳೆಯ ಕಾಲ, ಮಧ್ಯಾಹ್ನದ ಮೇಲೆ ಗುಡುಗಿ ಬರುತ್ತದೆ. ಬೆಳಗ್ಗೆ ತೀರಾ ಬೇಗ ಹೋದರೆ ಮಂಜು ಮುಸುಕಿರುತ್ತದೆ. ಇಲ್ಲಿಂದ ತಿಂಡಿ ತಿಂದು 8ರ ಮೇಲೆ ಹೊರಡಿ, ಮಳೆ ಕಟ್ಟುವುದರೊಳಗೆ ವಾಪಸು ಬನ್ನಿ. ಎಲ್ಲರೂ ಆಗುಂಬೆಯ ಸೂರ್ಯಾಸ್ತ ಅನ್ನುತ್ತಾರೆ. ಶುಭ್ರವಾದ ದಿನ ದೂರದ ಕಡಲಿಗೆ ಸೂರ್ಯ ಇಳಿಯುವುದು ನಿಜಕ್ಕೂ ದೊಡ್ಡ ನೋಟ. ಆದರೆ ನೋಡಿದವರೆಲ್ಲ ಒಟ್ಟಿಗೆ ಕತ್ತಲಿನ ರಸ್ತೆಗೆ ಗಾಡಿ ತಿರುಗಿಸುತ್ತಾರೆ. ಈ ಸಲಕ್ಕೆ ಅದನ್ನು ಬಿಡಿ. ಬೆಳಗಿನ ಬಿಸಿಲು ಮರಗಳ ಸಂದಿಯಿಂದ ಬಿದ್ದಾಗ ಧರೆಯ ಜರಿಗಿಡಗಳ ತುದಿಯಲ್ಲಿ ಒಂದೊಂದು ಹನಿ ಹೊಳೆಯುತ್ತದಲ್ಲ, ನನ್ನ ಕೇಳಿದರೆ ಘಾಟಿಯ ಚೆಲುವು ಅದೇ.

ಅದು ಸೋಮೇಶ್ವರ ಅಭಯಾರಣ್ಯದ ಕಾಡು. ಅದೃಷ್ಟವಿದ್ದರೆ ಸಿಂಗಳೀಕ ಕಾಣಿಸೀತು: ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಿನಲ್ಲೂ ಅದು ಇಲ್ಲ. ಯಾವ ಕೋತಿಗೂ ಚಿಪ್ಸು, ಬಾಳೆಹಣ್ಣು ಎಸೆಯಬೇಡಿ. ತಿನ್ನುವ ಆಸೆಗೆ ರಸ್ತೆಗಿಳಿದು ಚಕ್ರಕ್ಕೆ ಸಿಕ್ಕ ಮರಿಯನ್ನು ತಾಯಿ ಬಿಡದೆ ಹಿಡಿದು ಕೂತಿದ್ದನ್ನು ನಾನು ನೋಡಿದ್ದೇನೆ. ಕಾಳಿಂಗ ಸರ್ಪ ರಸ್ತೆ ದಾಟುತ್ತಿದ್ದರೆ ದೂರದಲ್ಲೇ ಗಾಡಿ ಆಫ್ ಮಾಡಿ, ಅದರ ಪಾಡಿಗೆ ಅದು ಹೋಗಲಿ. ನಮ್ಮ ಕಡೆಯವರು ಅದನ್ನು ಹೊಡೆಯುವುದಿಲ್ಲ.

ಹೆಲ್ಮೆಟ್ ಐಎಸ್‌ಐ ಗುರುತಿನದ್ದೇ ಇರಲಿ, ಗದ್ದದ ಪಟ್ಟಿ ಬಿಗಿಯಾಗಿರಲಿ. ಗೆಳತಿಯದನ್ನು ನೀನು ನೋಡು, ನಿನ್ನದನ್ನು ಅವಳು ನೋಡಲಿ. ಹೊರಡುವ ಹಿಂದಿನ ದಿನ ಟೈರಿನ ಗಾಳಿ, ಚೈನು, ಬ್ರೇಕ್ ಲೈಟ್ ಇಬ್ಬರದೂ ಒಟ್ಟಿಗೆ ಪರೀಕ್ಷಿಸಿ. ದಾರಿಯಲ್ಲಿ ಯಾರಾದರೂ ಬಿದ್ದಿದ್ದರೆ ನಿಲ್ಲಿ, 108ಕ್ಕೆ ಫೋನ್ ಮಾಡಿ. ಸಹಾಯ ಮಾಡಿದವರಿಗೆ ತೊಂದರೆಯಾಗಬಾರದೆಂದು 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೇ ರಕ್ಷಣೆ ಸೇರಿಸಿದ್ದಾರೆ, ಹೆದರಬೇಡಿ.

ನಿನ್ನಮ್ಮನಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತೀ ಎಂದು ಹೇಳಬೇಡ. ಹೇಳಿದರೆ ಆ ಹೊತ್ತು ಮೀರುತ್ತಿದ್ದಂತೆ ಅವಳಿಗೆ ಮನೆಯಲ್ಲಿ ಆತಂಕ, ನಿನಗೆ ದಾರಿಯಲ್ಲಿ ಅವಸರ. ನಿಂತಲ್ಲೆಲ್ಲ ಒಂದು ಫೋನ್ ಮಾಡಿ "ಇಂಥ ಊರಲ್ಲಿದ್ದೇವೆ" ಅನ್ನು, ಸಾಕು. ಗೆಳತಿಯ ಮನೆಯವರ ಕೈಗೂ ನನ್ನ ನಂಬರು ಕೊಟ್ಟಿರು.

ಅತ್ತೆ ಶನಿವಾರ ರಾತ್ರಿಗೆ ಕಡುಬು ಮಾಡುತ್ತಾಳಂತೆ. ನಿನ್ನ ಗೆಳತಿಗೆ ಖಾರ ಆಗುತ್ತದೋ ಇಲ್ಲವೋ ಕೇಳಿ ತಿಳಿಸು. ಅಂಗಳದಲ್ಲಿ ಅಡಿಕೆ ಒಣಹಾಕಿದ್ದೇವೆ, ಬೈಕುಗಳನ್ನು ಕೊಟ್ಟಿಗೆಯ ಪಕ್ಕಕ್ಕೆ ತನ್ನಿ, ಅಲ್ಲಿ ಎರಡಕ್ಕೂ ಜಾಗ ಮಾಡಿಸಿದ್ದೇನೆ.

ಇತಿ,
ನಿನ್ನ ಮಾವ