ಹಳೆಯ ಪಿಕಪ್‌ಗೆ ಹೊಸ ನಿಲುವು: ಕಡಿಮೆ ಖರ್ಚಿನಲ್ಲಿ ದುರಸ್ತಿ, ಮಿತವಾದ ತಗ್ಗು

ಅಮೆರಿಕದಲ್ಲಿ ಹಳೆಯ ಪಿಕಪ್ ಟ್ರಕ್ಕುಗಳನ್ನು ಕೊಂಡು, ಅವುಗಳ ಸವೆದ ಭಾಗಗಳನ್ನು ಬದಲಿಸಿ, ಒಡಲನ್ನು ನೆಲಕ್ಕೆ ಕೆಲವು ಅಂಗುಲ ಹತ್ತಿರವಾಗುವಂತೆ ತಗ್ಗಿಸಿ ಓಡಿಸುವ ಹವ್ಯಾಸ ದಶಕಗಳಿಂದ ಬೆಳೆದು ಬಂದಿದೆ. ಸೀಮಿತ ಹಣದಲ್ಲಿ ಈ ಕೆಲಸಕ್ಕೆ ಇಳಿಯುವವರು ಹೆಚ್ಚಾಗಿ ಆರಿಸಿಕೊಳ್ಳುವ ವಾಹನಗಳಲ್ಲಿ 1988ರಿಂದ 1998ರವರೆಗಿನ ಮಾದರಿಗಳ ಷೆವರ್ಲೆ ಸಿ 1500 ಒಂದು. ಇದರ ಹೆಸರಿನ ‘ಸಿ’ ಅಕ್ಷರ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಎಂಜಿನ್ನಿನ ಶಕ್ತಿ ಸಾಗುವುದನ್ನೂ, 1500 ಎಂಬ ಅಂಕಿ ಅರ್ಧ ಟನ್ ವರ್ಗವನ್ನೂ ಸೂಚಿಸುತ್ತದೆ. ಇದೇ ಕಾಲದ ‘ಕೆ’ ಮಾದರಿಗಳು ನಾಲ್ಕು ಚಕ್ರಗಳ ಚಾಲನೆಯವು, ಅವುಗಳ ಮುಂಭಾಗದ ರಚನೆಯೇ ಬೇರೆಯಾದ್ದರಿಂದ ಇಲ್ಲಿ ಹೇಳುವ ಕ್ರಮ ಅವುಗಳಿಗೆ ಅನ್ವಯಿಸುವುದಿಲ್ಲ.

ಚಕ್ರಗಳನ್ನು ಚಾಸಿಗೆ ಜೋಡಿಸಿ ರಸ್ತೆಯ ಏರುಪೇರನ್ನು ಹೀರಿಕೊಳ್ಳುವ ಸ್ಪ್ರಿಂಗು, ತೋಳು ಮತ್ತು ಶಾಕ್ ಅಬ್ಸಾರ್ಬರುಗಳ ಒಟ್ಟು ವ್ಯವಸ್ಥೆಗೆ ಸಸ್ಪೆನ್ಷನ್ ಎಂದು ಹೆಸರು. ವಾಹನವನ್ನು ತಗ್ಗಿಸಬೇಕಾದರೆ ಈ ವ್ಯವಸ್ಥೆಯನ್ನು ಬಿಚ್ಚಲೇಬೇಕು, ಮೂವತ್ತು ವರ್ಷ ಹಳೆಯ ವಾಹನದಲ್ಲಿ ಮೊದಲು ಸವೆದಿರುವುದೂ ಬಹುಮಟ್ಟಿಗೆ ಅದೇ. ಆದ್ದರಿಂದ ದುರಸ್ತಿಯನ್ನೂ ತಗ್ಗಿಸುವುದನ್ನೂ ಎರಡು ಪ್ರತ್ಯೇಕ ಕೆಲಸಗಳೆಂದು ಎಣಿಸದೆ, ಎಷ್ಟು ತಗ್ಗಿಸಬೇಕೆಂಬುದನ್ನು ಮೊದಲೇ ನಿಶ್ಚಯಿಸಿ, ಒಂದೇ ಸಲ ಬಿಚ್ಚಿ ಎರಡನ್ನೂ ಮುಗಿಸುವುದರಲ್ಲಿಯೇ ಉಳಿತಾಯದ ಗುಟ್ಟಿದೆ.

1. ಕೊಳ್ಳುವ ಮುನ್ನ ತುಕ್ಕಿನ ಪರೀಕ್ಷೆ

ಎಂಜಿನ್ನಿನ ದೋಷಕ್ಕಿಂತ ತುಕ್ಕಿನ ದೋಷ ಹೆಚ್ಚು ದುಬಾರಿ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಈಶಾನ್ಯ ಮತ್ತು ಮಧ್ಯಪಶ್ಚಿಮ ರಾಜ್ಯಗಳ ವಾಹನಗಳಲ್ಲಿ ಬಾಗಿಲ ಕೆಳಗಿನ ಪಟ್ಟಿ, ಕ್ಯಾಬಿನ್ನಿನ ಹಿಂಬದಿಯ ಕೆಳಮೂಲೆಗಳು, ಚಕ್ರಗಳ ಮೇಲಿನ ಕಮಾನುಗಳು ಮತ್ತು ಬ್ರೇಕ್ ದ್ರವ ಸಾಗುವ ಉಕ್ಕಿನ ಕೊಳವೆಗಳು ಮೊದಲು ತುಕ್ಕು ಹಿಡಿಯುತ್ತವೆ. ಅರಿಜೋನಾದಂತಹ ಒಣ ರಾಜ್ಯಗಳ ವಾಹನಗಳಲ್ಲಿ ಲೋಹ ಗಟ್ಟಿಯಾಗಿದ್ದರೂ ಬಿಸಿಲಿನಿಂದ ಡ್ಯಾಶ್‌ಬೋರ್ಡು ಬಿರಿದು, ಬಣ್ಣ ಸುಲಿದಿರುತ್ತದೆ. ಇವೆರಡರಲ್ಲಿ ಆಯ್ಕೆ ಬಂದಾಗ ಬಿರಿದ ಡ್ಯಾಶ್‌ಬೋರ್ಡಿನ ವಾಹನವನ್ನೇ ಕೊಳ್ಳುವುದು ಲಾಭಕರ. ಸ್ಪ್ರಿಂಗುಗಳನ್ನು ಚಾಸಿಗೆ ಹಿಡಿದಿಡುವ ಜಾಗಗಳಲ್ಲಿ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದಾಗ ಲೋಹ ಪದರ ಪದರವಾಗಿ ಉದುರಿದರೆ ಅಂತಹ ವಾಹನವನ್ನು ತಗ್ಗಿಸುವ ಯೋಚನೆಯನ್ನೇ ಕೈಬಿಡುವುದು ಲೇಸು.

2. ಎಷ್ಟು ತಗ್ಗಿಸಬೇಕು?

ಈ ಹವ್ಯಾಸಿಗಳಲ್ಲಿ ತಗ್ಗಿನ ಪ್ರಮಾಣವನ್ನು ‘2/4’, ‘4/6’ ಎಂದು ಜೋಡಿ ಅಂಕಿಗಳಲ್ಲಿ ಹೇಳುವ ರೂಢಿಯಿದ್ದು, ಮೊದಲ ಅಂಕಿ ಮುಂಭಾಗ ಎಷ್ಟು ಅಂಗುಲ ಇಳಿದಿದೆ ಎಂಬುದನ್ನೂ ಎರಡನೆಯದು ಹಿಂಭಾಗದ ಇಳಿತವನ್ನೂ ತಿಳಿಸುತ್ತದೆ. ಪಿಕಪ್ಪಿನ ಹಿಂಬದಿಯ ಸ್ಪ್ರಿಂಗುಗಳನ್ನು ಹೊರೆ ಹೊರುವುದಕ್ಕೆಂದೇ ರೂಪಿಸಿರುವುದರಿಂದ ಖಾಲಿ ವಾಹನದ ಹಿಂಭಾಗ ಎತ್ತರವಾಗಿ ನಿಂತಿರುತ್ತದೆ. ವಾಹನ ಸಮತಟ್ಟಾಗಿ ಕಾಣಲೆಂದು ಹಿಂಭಾಗವನ್ನು ಹೆಚ್ಚು ಇಳಿಸುತ್ತಾರೆ.

ಮಿತ ಖರ್ಚಿನವರಿಗೆ 2/4 ಸೂಕ್ತ. ಈ ಮಿತಿಯೊಳಗೆ ಬೋಲ್ಟಿನಿಂದ ಜೋಡಿಸುವ ಭಾಗಗಳೇ ಸಾಕಾಗುತ್ತವೆ. ಹಿಂಭಾಗ ಸುಮಾರು 4 ಅಂಗುಲಕ್ಕಿಂತ ಹೆಚ್ಚು ಇಳಿದರೆ ಆಕ್ಸಲ್, ಅಂದರೆ ಹಿಂದಿನ ಎರಡೂ ಚಕ್ರಗಳನ್ನು ಬೆಸೆಯುವ ಅಡ್ಡ ದಂಡ, ಹಳ್ಳದಿಣ್ಣೆಗಳಲ್ಲಿ ಮೇಲೆದ್ದು ಚಾಸಿಗೆ ಬಡಿಯತೊಡಗುತ್ತದೆ. ಅದನ್ನು ತಪ್ಪಿಸಲು ಚಾಸಿಯ ಕೆಳ ಅಂಚನ್ನು ಕಮಾನಿನಂತೆ ಕತ್ತರಿಸಿ, ಆ ಜಾಗಕ್ಕೆ ದಪ್ಪ ಉಕ್ಕಿನ ತಟ್ಟೆಯ ಬಲ ಕೊಡುವ ‘ಸಿ-ನಾಚ್’ ಎಂಬ ಕೆಲಸ ಬೇಕಾಗುತ್ತದೆ; ಇದು ಕೌಶಲವನ್ನೂ ಹಣವನ್ನೂ ಬೇಡುತ್ತದೆ, ಒಮ್ಮೆ ಕತ್ತರಿಸಿದ ಮೇಲೆ ಹಿಂದಿನ ಸ್ಥಿತಿಗೆ ಮರಳುವುದೂ ಸುಲಭವಲ್ಲ.

3. ಮೊದಲ ಖರ್ಚು ಎಲ್ಲಿಗೆ?

ಹಣವನ್ನು ಬ್ರೇಕು, ಸ್ಟಿಯರಿಂಗು, ಟೈರು, ಎಂಜಿನ್, ತಗ್ಗು, ಬಣ್ಣ ಎಂಬ ಅನುಕ್ರಮದಲ್ಲಿ ವಿನಿಯೋಗಿಸಿದರೆ ನಡುವೆ ಕೈ ಬರಿದಾದರೂ ವಾಹನ ಸುರಕ್ಷಿತವಾಗಿ ಓಡುವ ಸ್ಥಿತಿಯಲ್ಲಿ ಉಳಿಯುತ್ತದೆ. ಈ ಮಾದರಿಯ ಸ್ಟಿಯರಿಂಗ್ ವ್ಯವಸ್ಥೆಯಲ್ಲಿ ಗೇರ್ ಪೆಟ್ಟಿಗೆಯ ಚಲನೆಯನ್ನು ಚಕ್ರಗಳಿಗೆ ಮುಟ್ಟಿಸುವ ಪಿಟ್‌ಮನ್ ಆರ್ಮ್ ಮತ್ತು ಎದುರು ಬದಿಯಲ್ಲಿ ಅದಕ್ಕೆ ಆಧಾರವಾಗಿರುವ ಐಡ್ಲರ್ ಆರ್ಮ್ ಸವೆಯುವುದು ಸಾಮಾನ್ಯ. ಸವೆದಾಗ ಸ್ಟಿಯರಿಂಗ್ ಚಕ್ರವನ್ನು ಸ್ವಲ್ಪ ತಿರುಗಿಸಿದರೂ ವಾಹನ ಸ್ಪಂದಿಸುವುದಿಲ್ಲ.

ಎಂಜಿನ್ನಿನ ದೋಷ ಪತ್ತೆಯಲ್ಲಿ ತಯಾರಿಕೆಯ ವರ್ಷ ಮುಖ್ಯ. 1995ರವರೆಗಿನ ಪೆಟ್ರೋಲ್ ಎಂಜಿನ್ನುಗಳಲ್ಲಿ ಇಂಧನವನ್ನು ಗಾಳಿಯ ಹೆಬ್ಬಾಗಿಲಲ್ಲೇ ಸಿಂಪಡಿಸುವ ಥ್ರಾಟಲ್ ಬಾಡಿ ಇಂಜೆಕ್ಷನ್ ವ್ಯವಸ್ಥೆಯಿದ್ದು, ಡ್ಯಾಶ್‌ಬೋರ್ಡಿನ ಕೆಳಗಿನ ಪರೀಕ್ಷಾ ಸಾಕೆಟ್ಟಿನ ‘ಎ’ ಮತ್ತು ‘ಬಿ’ ತುದಿಗಳನ್ನು ಒಂದು ತಂತಿಯಿಂದ ಜೋಡಿಸಿ, ಎಂಜಿನ್ ಚಾಲೂ ಮಾಡದೆ ಕೀಲಿಯನ್ನು ಮಾತ್ರ ತಿರುಗಿಸಿದರೆ ಎಚ್ಚರಿಕೆಯ ದೀಪ ಮಿನುಗುವ ಲೆಕ್ಕದಿಂದಲೇ ದೋಷದ ಸಂಖ್ಯೆಯನ್ನು ಓದಬಹುದು. 1996ರಿಂದ ಬಂದ ‘ವೋರ್ಟೆಕ್’ ಎಂಜಿನ್ನುಗಳಿಗೆ ಒಬಿಡಿ-2 ಸ್ಕ್ಯಾನರ್ ಬೇಕು. ಅವುಗಳಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟಿನಿಂದ ಕೂಲೆಂಟ್ ಸೋರುತ್ತಿದೆಯೇ, ಡಿಸ್ಟ್ರಿಬ್ಯೂಟರಿನ ಪ್ಲಾಸ್ಟಿಕ್ ಭಾಗ ಬಿರಿದಿದೆಯೇ ಎಂದು ನೋಡಬೇಕು. ಹವಾನಿಯಂತ್ರಣವನ್ನು ಸರಿಪಡಿಸುವ ಉದ್ದೇಶವಿದ್ದರೆ, 1993ರವರೆಗಿನ ವಾಹನಗಳಲ್ಲಿ ಈಗ ಉತ್ಪಾದನೆಯೇ ನಿಂತಿರುವ ಆರ್-12 ಅನಿಲವಿದ್ದು, ಅದನ್ನು ಆರ್-134ಎ ಅನಿಲಕ್ಕೆ ಒಗ್ಗಿಸುವ ಖರ್ಚನ್ನೂ ಲೆಕ್ಕಕ್ಕೆ ಸೇರಿಸಬೇಕು.

4. ಮುಂಭಾಗ: ಸ್ಪ್ರಿಂಗಿಗೆ ಕತ್ತರಿ ಬೇಡ

ಮುಂಭಾಗದ ಪ್ರತಿಯೊಂದು ಚಕ್ರವೂ ಮೇಲೊಂದು ಕೆಳಗೊಂದು ತ್ರಿಕೋನಾಕಾರದ ತೋಳಿಗೆ ಜೋಡಿಸಿಕೊಂಡಿದ್ದು, ಸುರುಳಿ ಸ್ಪ್ರಿಂಗ್ ಕೆಳತೋಳಿನ ಮೇಲೆ ಕುಳಿತಿರುತ್ತದೆ. ಸ್ಪ್ರಿಂಗಿನ ಒಂದು ಸುತ್ತನ್ನು ಕತ್ತರಿಸಿ ಬಿಸಾಡುವುದು ಅತ್ಯಂತ ಅಗ್ಗದ ದಾರಿಯೆನಿಸಿದರೂ, ಸುತ್ತುಗಳು ಕಡಿಮೆಯಾದಷ್ಟೂ ಸ್ಪ್ರಿಂಗ್ ಬಿರುಸಾಗುವುದರಿಂದ ಸವಾರಿ ಒರಟಾಗುತ್ತದೆ. ಗ್ಯಾಸ್ ಟಾರ್ಚಿನಿಂದ ಕಾಯಿಸಿ ಕುಗ್ಗಿಸುವ ವಿಧಾನವಂತೂ ಉಕ್ಕಿನ ಹದವನ್ನೇ ಕೆಡಿಸುವುದರಿಂದ ಸರ್ವಥಾ ವರ್ಜ್ಯ.

ಇವೆರಡಕ್ಕಿಂತ ಉತ್ತಮವಾದುದು ‘ಡ್ರಾಪ್ ಸ್ಪಿಂಡಲ್’. ಸ್ಪಿಂಡಲ್ ಎಂದರೆ ಎರಡು ತೋಳುಗಳ ನಡುವೆ ನಿಂತು ಚಕ್ರದ ಗುಂಭವನ್ನು ಹೊರುವ ಉಕ್ಕಿನ ಭಾಗ. ಡ್ರಾಪ್ ಸ್ಪಿಂಡಲಿನಲ್ಲಿ ಗುಂಭ ಕೂರುವ ದಂಡವನ್ನು ಸಾಮಾನ್ಯವಾಗಿ 2 ಅಂಗುಲ ಮೇಲಕ್ಕೆ ಇಟ್ಟಿರುವುದರಿಂದ, ಸ್ಪ್ರಿಂಗಿನ ಉದ್ದವಾಗಲಿ ತೋಳುಗಳ ಕೋನವಾಗಲಿ ಬದಲಾಗದೆ ವಾಹನ ಅಷ್ಟೇ ಪ್ರಮಾಣದಲ್ಲಿ ಕೆಳಗಿಳಿಯುತ್ತದೆ. ಕೊಳ್ಳುವಾಗ ತಯಾರಕರು ಸೂಚಿಸಿರುವ ಕನಿಷ್ಠ ಚಕ್ರದ ಗಾತ್ರವನ್ನು ಗಮನಿಸಬೇಕು.

ಕೆಲಸದ ಕ್ರಮ ಹೀಗಿರುತ್ತದೆ:

ಅ) ಸಮತಟ್ಟಾದ ಕಾಂಕ್ರೀಟ್ ನೆಲದಲ್ಲಿ ಹಿಂದಿನ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಚಾಸಿಯನ್ನು ಜಾಕ್ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಬೇಕು; ಬರಿಯ ಜಾಕಿನ ಆಧಾರದಲ್ಲಿ ವಾಹನದ ಅಡಿಗೆ ಹೋಗಲೇಬಾರದು.

ಆ) ಬ್ರೇಕ್ ಕ್ಯಾಲಿಪರನ್ನು ಕಳಚಿ, ಅದರ ರಬ್ಬರ್ ಕೊಳವೆಯ ಮೇಲೆ ಭಾರ ಬೀಳದಂತೆ ತಂತಿಯಿಂದ ಚಾಸಿಗೆ ತೂಗುಹಾಕಬೇಕು. ಗುಂಭದೊಡನೆ ಒಂದೇ ಭಾಗವಾಗಿರುವ ಬ್ರೇಕ್ ಡಿಸ್ಕನ್ನು ಹೊರತೆಗೆದಾಗ ಒಳಗಿನ ಬೇರಿಂಗುಗಳನ್ನು ತೊಳೆದು, ಗುರುತು ಬಿದ್ದಿದ್ದರೆ ಬದಲಿಸಿ, ಹೊಸ ಗ್ರೀಸ್ ಮತ್ತು ಹೊಸ ಸೀಲ್ ಹಾಕುವುದು ಇದೇ ಹಂತದಲ್ಲಿ ಆಗಬೇಕಾದ ಕೆಲಸ.

ಇ) ಕೆಳತೋಳಿನ ಅಡಿಗೆ ಜಾಕ್ ಕೊಟ್ಟು, ಸ್ಪ್ರಿಂಗನ್ನು ಸರಪಳಿಯಿಂದ ಚಾಸಿಗೆ ಸಡಿಲವಾಗಿ ಕಟ್ಟಿದ ಮೇಲೆಯೇ ಬಾಲ್ ಜಾಯಿಂಟುಗಳ, ಅಂದರೆ ತೋಳಿಗೂ ಸ್ಪಿಂಡಲಿಗೂ ನಡುವಿನ ಗೋಲಾಕಾರದ ಕೀಲುಗಳ, ನಟ್ಟುಗಳನ್ನು ಸಡಿಲಿಸಬೇಕು. ಕೀಲು ಬಿಡಿಸಿಕೊಳ್ಳುವವರೆಗೂ ನಟ್ಟನ್ನು ಕೆಲವು ಸುತ್ತು ಉಳಿಸಿಕೊಂಡಿರಬೇಕು; ಅದುಮಿದ ಸ್ಪ್ರಿಂಗಿನಲ್ಲಿ ಅಡಗಿರುವ ಬಲ ಪ್ರಾಣಾಪಾಯ ತರುವಷ್ಟಿರುತ್ತದೆ.

ಈ) ಹೊಸ ಸ್ಪಿಂಡಲನ್ನು ಕೂರಿಸುವ ಮುನ್ನ ಬಾಲ್ ಜಾಯಿಂಟು, ಟೈ ರಾಡಿನ ತುದಿ ಮತ್ತು ತೋಳಿನ ರಬ್ಬರ್ ಬುಷ್‌ಗಳನ್ನು ಪರೀಕ್ಷಿಸಿ ಬದಲಿಸಬೇಕು. ಹೊಸ ಬುಷ್ ಹಾಕಿದಾಗ ಅದರ ಬೋಲ್ಟನ್ನು ವಾಹನದ ಪೂರ್ತಿ ಭಾರ ಚಕ್ರಗಳ ಮೇಲೆ ಬಂದ ನಂತರವೇ ಕೊನೆಯ ಸಲ ಬಿಗಿಯಬೇಕು. ತೋಳು ಜೋತುಬಿದ್ದಿರುವಾಗಲೇ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

5. ಹಿಂಭಾಗ: ಶ್ಯಾಕಲ್ ಮತ್ತು ಹ್ಯಾಂಗರ್

ಹಿಂಭಾಗದಲ್ಲಿ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗ್ ಇರುತ್ತದೆ. ಅದರ ತುದಿಗಳನ್ನು ಚಾಸಿಗೆ ಹಿಡಿಸುವ ಗಟ್ಟಿ ಕೊಂಡಿಗೆ ಹ್ಯಾಂಗರ್ ಎಂದೂ, ಸ್ಪ್ರಿಂಗ್ ಚಪ್ಪಟೆಯಾದಾಗ ಉದ್ದವಾಗಲು ಅವಕಾಶ ಕೊಡುವ ತೂಗುಕೊಂಡಿಗೆ ಶ್ಯಾಕಲ್ ಎಂದೂ ಹೆಸರು. ಈ ಕೊಂಡಿಗಳನ್ನು ಬದಲಿಸಿ ಸ್ಪ್ರಿಂಗಿನ ತುದಿಗಳನ್ನು ಚಾಸಿಗೆ ಹೋಲಿಸಿದಂತೆ ಮೇಲೆ ಸಾಗಿಸಿದರೆ 4 ಅಂಗುಲದ ತಗ್ಗು ಸಿಗುತ್ತದೆ. ಕಾರ್ಖಾನೆಯ ಹ್ಯಾಂಗರುಗಳನ್ನು ರಿವೆಟ್ಟುಗಳಿಂದ ಬಿಗಿದಿರುವುದರಿಂದ ಅವುಗಳ ತಲೆಯನ್ನು ಗ್ರೈಂಡರಿನಿಂದ ಉಜ್ಜಿ, ಉಳಿದ ಭಾಗವನ್ನು ಹೊಡೆದು ಹೊರಗೆಡಹಬೇಕಾಗುತ್ತದೆ. ಇಂಧನದ ಟ್ಯಾಂಕು ಮತ್ತು ಕೊಳವೆಗಳು ಚಾಸಿಗೆ ಹೊಂದಿಕೊಂಡೇ ಇರುವುದರಿಂದ ಕಿಡಿ ಹಾರದಂತೆ ಮರೆ ಕಟ್ಟಿ, ಅಗ್ನಿಶಾಮಕವನ್ನು ಪಕ್ಕದಲ್ಲಿಟ್ಟುಕೊಂಡು ಈ ಕೆಲಸ ಮಾಡಬೇಕು.

ಆಕ್ಸಲ್ ಮತ್ತು ಸ್ಪ್ರಿಂಗಿನ ನಡುವೆ ಲೋಹದ ಬ್ಲಾಕ್ ಇಟ್ಟರೆ ವಾಹನ ತಗ್ಗುತ್ತದೆ ಎಂಬ ಮಾತು ಆಕ್ಸಲ್ ಸ್ಪ್ರಿಂಗಿನ ಮೇಲಿರುವ ವಾಹನಗಳಿಗೆ ಮಾತ್ರ ಸಲ್ಲುತ್ತದೆ. ಸಿ 1500ರಲ್ಲಿ ಆಕ್ಸಲ್ ಸ್ಪ್ರಿಂಗಿನ ಕೆಳಗಿರುವುದರಿಂದ ಅಲ್ಲಿ ಬ್ಲಾಕ್ ಇಟ್ಟರೆ ವಾಹನ ಇನ್ನಷ್ಟು ಎತ್ತರವಾಗುತ್ತದೆ. ಇದೇ ಆಕ್ಸಲನ್ನು ಸ್ಪ್ರಿಂಗಿನ ಮೇಲಕ್ಕೆ ತರುವ ‘ಫ್ಲಿಪ್ ಕಿಟ್’ನಿಂದ 5–6 ಅಂಗುಲದ ಇಳಿತ ಸಾಧ್ಯವಾದರೂ, ಆಗ ಮೇಲೆ ಹೇಳಿದ ಸಿ-ನಾಚ್ ಅನಿವಾರ್ಯ.

ಆಕ್ಸಲನ್ನು ಸ್ಪ್ರಿಂಗಿಗೆ ಕಟ್ಟಿಹಾಕುವ ಯು-ಬೋಲ್ಟುಗಳನ್ನು ಬಿಚ್ಚಬೇಕಾಗಿ ಬಂದರೆ, ಒಮ್ಮೆ ಬಿಗಿದಾಗ ಅವು ಎಳೆತಕ್ಕೆ ಸಿಕ್ಕಿರುವುದರಿಂದ, ಹೊಸದನ್ನೇ ಹಾಕಬೇಕು. ಶಾಕ್ ಅಬ್ಸಾರ್ಬರ್ ತಗ್ಗಿದ ಎತ್ತರಕ್ಕೆ ಹೊಂದುವ ಗಿಡ್ಡ ಅಳತೆಯದಾಗಿರಬೇಕು, ಇಲ್ಲವಾದರೆ ಅದರ ದಂಡ ತಳಕ್ಕೆ ಬಡಿದು ಬೇಗ ಹಾಳಾಗುತ್ತದೆ. ಆಕ್ಸಲಿನ ಏರಿಕೆಗೆ ತಡೆಯೊಡ್ಡುವ ರಬ್ಬರಿನ ಬಂಪ್ ಸ್ಟಾಪನ್ನು ಕಿತ್ತು ಎಸೆಯದೆ, ಗಿಡ್ಡದೊಂದನ್ನು ಹಾಕಬೇಕು. ಬ್ರೇಕ್ ಕೊಳವೆ ಮತ್ತು ಹ್ಯಾಂಡ್‌ಬ್ರೇಕ್ ಕೇಬಲ್ ಆಕ್ಸಲ್ ಮೇಲೆ ಕೆಳಗೆ ಆಡಿದಾಗ ಎಳೆಯಲ್ಪಡದೆ, ಉಜ್ಜಲ್ಪಡದೆ ಇರುವುದನ್ನೂ ಖಚಿತಪಡಿಸಿಕೊಳ್ಳಬೇಕು.

6. ಅಲೈನ್‌ಮೆಂಟ್ ಮತ್ತು ಓಡಿಸಿ ನೋಡುವುದು

ಮುಂಭಾಗವನ್ನು ಬಿಚ್ಚಿ ಜೋಡಿಸಿದ ವಾಹನಕ್ಕೆ ವೀಲ್ ಅಲೈನ್‌ಮೆಂಟ್ ಕಡ್ಡಾಯ. ಮುಂದಿನಿಂದ ನೋಡಿದಾಗ ಚಕ್ರದ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲಿರುವುದಕ್ಕೆ ಕ್ಯಾಂಬರ್ ಎಂದೂ, ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮುಂತುದಿಗಳು ಪರಸ್ಪರ ಕೂಡಿಕೊಂಡೋ ಅಗಲಿಕೊಂಡೋ ಇರುವುದಕ್ಕೆ ಟೋ ಎಂದೂ ಹೆಸರು. ಇವು ತಪ್ಪಿದರೆ ಹೊಸ ಟೈರಿನ ಒಂದು ಅಂಚು ಬಹುಬೇಗ ಸವೆಯುತ್ತದೆ. ಅಲೈನ್‌ಮೆಂಟಿಗೆ ಮುಂಚೆಯೇ ಟೈರುಗಳನ್ನು ಹಾಕಿಸಿಕೊಂಡರೆ ಎರಡನೆಯ ಸಲ ಹಣ ತೆರಬೇಕಾಗುವುದಿಲ್ಲ. ಸಿ 1500ರ ಚಕ್ರಕ್ಕೆ 5 ಅಂಗುಲ ವ್ಯಾಸದ ವೃತ್ತದಲ್ಲಿ 5 ಬೋಲ್ಟುಗಳಿರುವುದರಿಂದ 6 ಬೋಲ್ಟಿನ ‘ಕೆ’ ಮಾದರಿಯ ಚಕ್ರಗಳು ಅದಕ್ಕೆ ಹೊಂದುವುದಿಲ್ಲ. ಟೈರಿನ ಮೇಲೆ ಮುದ್ರಿಸಿರುವ ಭಾರದ ಮಿತಿ ವಾಹನಕ್ಕೆ ಸಾಕಾಗುವುದೇ ಎಂಬುದನ್ನೂ ನೋಡಬೇಕು.

ನಂತರ ಸ್ಟಿಯರಿಂಗನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ ಟೈರು ಎಲ್ಲಿಯಾದರೂ ಉಜ್ಜುತ್ತದೆಯೇ ಎಂದು ಪರೀಕ್ಷಿಸಿ, ನಿಲುವು ಬದಲಾದ್ದರಿಂದ ಹೆಡ್‌ಲೈಟಿನ ದಿಕ್ಕನ್ನು ಮತ್ತೆ ಹೊಂದಿಸಿ, ಕೆಲವು ದಿನ ಓಡಿಸಿದ ಮೇಲೆ ಎಲ್ಲ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಪುನಃ ಬಿಗಿದು ನೋಡಬೇಕು. ನಿರ್ದಿಷ್ಟ ವೇಗದಲ್ಲಿ ಮಾತ್ರ ವಾಹನ ಅದುರಿದರೆ, ಗೇರ್‌ಬಾಕ್ಸಿನಿಂದ ಆಕ್ಸಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿರುವ ಸಂಭವವಿದ್ದು, ಅದನ್ನು ಆಕ್ಸಲಿಗೂ ಸ್ಪ್ರಿಂಗಿಗೂ ನಡುವೆ ಓರೆಯಾದ ತೆಳು ಬಿಲ್ಲೆ ಕೊಟ್ಟು ಸರಿಪಡಿಸುತ್ತಾರೆ.

7. ಹೊರಮೈ ಮತ್ತು ಕ್ಯಾಬಿನ್

ಈ ಹಂತದಲ್ಲಿ ಹಣಕ್ಕಿಂತ ತಾಳ್ಮೆ ಹೆಚ್ಚು ಬೇಕು. ಬಣ್ಣ ಸುಲಿಯದೆ ಕೇವಲ ಮಂಕಾಗಿದ್ದರೆ ಚೆನ್ನಾಗಿ ತೊಳೆದು, ರಬ್ಬಿಂಗ್ ಕಾಂಪೌಂಡಿನಿಂದ ಉಜ್ಜಿ, ಮೇಲೆ ಮೇಣ ಹಚ್ಚುವುದರಿಂದಲೇ ಹೊಳಪು ಮರಳುತ್ತದೆ. ಹಳದಿಗಟ್ಟಿದ ಪ್ಲಾಸ್ಟಿಕ್ ಹೆಡ್‌ಲೈಟನ್ನು ನೀರು ಹಾಕಿಕೊಂಡು ನಯವಾದ ಉಪ್ಪುಕಾಗದದಿಂದ ಉಜ್ಜಿ ಪಾಲಿಶ್ ಮಾಡಬಹುದು. ಇಳಿಬಿದ್ದು ಸದ್ದು ಮಾಡುವ ಬಾಗಿಲಿಗೆ ಹೆಚ್ಚಾಗಿ ಸವೆದ ಕೀಲುಗೂಟ ಮತ್ತು ಅದರ ಬುಷ್‌ಗಳೇ ಕಾರಣವಾಗಿದ್ದು, ಅತ್ಯಲ್ಪ ಬೆಲೆಯ ಈ ಭಾಗಗಳನ್ನು ಬದಲಿಸಿದರೆ ಬಾಗಿಲು ಮೊದಲಿನಂತೆ ಮುಚ್ಚಿಕೊಳ್ಳುತ್ತದೆ. ಒಳಛಾವಣಿಯ ಬಟ್ಟೆ ಜೋತುಬಿದ್ದಿದ್ದರೆ ಅದರ ಹಿಂದಿನ ಫೋಮ್ ಪುಡಿಯಾಗಿರುತ್ತದೆ. ಹಲಗೆಯನ್ನು ಹೊರತೆಗೆದು, ಹಳೆಯ ಫೋಮನ್ನು ಪೂರ್ತಿ ಕೆರೆದು, ಹೊಸ ಬಟ್ಟೆಯನ್ನು ಅಂಟಿಸಬೇಕು.

8. ಕಾನೂನು

ಕ್ಯಾಲಿಫೋರ್ನಿಯಾದ ವಾಹನ ಸಂಹಿತೆಯ 24008ನೆಯ ಕಲಮಿನ ಪ್ರಕಾರ, ಮಾರ್ಪಡಿಸಿದ ವಾಹನದ ಯಾವ ಭಾಗವೂ ಚಕ್ರದ ರಿಮ್ಮಿನ ಕೆಳ ಅಂಚಿಗಿಂತ ಕೆಳಗೆ ಇಳಿದಿರಬಾರದು. ಟೈರು ಗಾಳಿ ಕಳೆದುಕೊಂಡಾಗಲೂ ಚಾಸಿ ನೆಲಕ್ಕೆ ತಾಗಬಾರದೆಂಬ ತರ್ಕಕ್ಕೆ ಇದು ಹೊಂದುತ್ತದೆ. ಇತರ ರಾಜ್ಯಗಳ ನಿಯಮಗಳು ಬೇರೆ ಬೇರೆಯಾಗಿರುವುದರಿಂದ ಭಾಗಗಳನ್ನು ತರಿಸುವ ಮುನ್ನವೇ ಅವುಗಳನ್ನು ತಿಳಿದುಕೊಳ್ಳಬೇಕು. ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತಹ ಮಾರ್ಪಾಟನ್ನು ನಿಷೇಧಿಸುತ್ತದೆ ಮತ್ತು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಈ ನಿರ್ಬಂಧವನ್ನು ಎತ್ತಿಹಿಡಿದಿದೆ. ಆದಕಾರಣ ಕರ್ನಾಟಕದ ಪಿಕಪ್ ಮಾಲೀಕರು ಈ ಲೇಖನದ ದುರಸ್ತಿಯ ಭಾಗವನ್ನು ನಿಶ್ಚಿಂತೆಯಿಂದ ಅನುಸರಿಸಬಹುದಾದರೂ, ತಗ್ಗಿಸುವ ವಿಷಯದಲ್ಲಿ ಆರ್‌ಟಿಒ ಕಚೇರಿಯ ಲಿಖಿತ ಅನುಮತಿಯಿಲ್ಲದೆ ಮುಂದುವರಿಯಬಾರದು.

ತಗ್ಗಿದ ಪಿಕಪ್ಪಿನಲ್ಲಿ ಸ್ಪ್ರಿಂಗ್ ಅದುಮಿಕೊಳ್ಳಲು ಉಳಿದಿರುವ ಅವಕಾಶ ಕಡಿಮೆಯಾದ್ದರಿಂದ ಮೂಲತಃ ನಿಗದಿಯಾದ ಪೂರ್ತಿ ಹೊರೆಯನ್ನು ಅದರ ಮೇಲೆ ಹೇರುವುದು ತರವಲ್ಲ. ಮುಂದೆಂದಾದರೂ ಹೊರೆ ಹೊರುವ ಅಗತ್ಯ ಬರಬಹುದು, ಇಲ್ಲವೇ ಕೊಳ್ಳುವವರು ಮೂಲ ಎತ್ತರವನ್ನೇ ಬಯಸಬಹುದು; ಅದಕ್ಕಾಗಿ ಕಳಚಿದ ಸ್ಪಿಂಡಲ್, ಶ್ಯಾಕಲ್, ಹ್ಯಾಂಗರುಗಳಿಗೆ ಎಡ-ಬಲದ ಗುರುತು ಹಾಕಿ, ಎಣ್ಣೆ ಸವರಿ ತೆಗೆದಿಟ್ಟರೆ 2/4ರ ಮಿತಿಯಲ್ಲಿ ಮಾಡಿದ ಬದಲಾವಣೆಯನ್ನು ಬೋಲ್ಟುಗಳ ನೆರವಿನಿಂದಲೇ ಹಿಂತೆಗೆದುಕೊಳ್ಳಬಹುದು.