ಟೊಮಾಟೊ ಬೆಳೆಯ ಎಲೆಮುಟುರು ರೋಗವೂ ಔಷಧ ಸಿಂಪಡಿಸುವ ಸಕಾಲವೂ

ಕೋಲಾರ ಸೀಮೆಯಲ್ಲಿ ಟೊಮಾಟೊ ಬೆಳೆಯು ಅನೇಕ ಒಕ್ಕಲು ಕುಟುಂಬಗಳಿಗೆ ಮುಖ್ಯವಾದ ವರಮಾನವಾಗಿರುವುದು. ಈ ಬೆಳೆಗೆ ತಗಲುವ ಎಲೆಮುಟುರು ರೋಗದಿಂದ ಎಲೆಗಳು ಮುದುರಿ ಹಳದಿ ಬಣ್ಣಕ್ಕೆ ತಿರುಗುತ್ತವೆ. ಗಿಡವು ಗಿಡ್ಡಾಗಿ ಪೊದೆಯಂತಾಗುವುದು. ಎಳೆಯ ಪ್ರಾಯದಲ್ಲಿ ರೋಗ ತಗಲಿದ ಗಿಡದಿಂದ ಗೊಬ್ಬರದ ವೆಚ್ಚವೂ ಹುಟ್ಟುವುದಿಲ್ಲ. ಬೇಸಗೆಯ ಬೆಳೆಗೆ ಇದರ ಬಾಧೆ ಅಧಿಕ.

ರೋಗಕ್ಕೆ ಕಾರಣವು ಕಣ್ಣಿಗೆ ಕಾಣದ ನಂಜಾಣು. ಇದನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಎಲೆಯ ಕೆಳಮೈಯಲ್ಲಿ ಕುಳಿತು ರಸ ಹೀರುವ ಬಿಳಿನೊಣ. ನೊಣವು ರೋಗದ ಗಿಡದಿಂದ ನಂಜನ್ನು ಹೀರಿಕೊಂಡ ಕೆಲವು ಗಂಟೆಗಳ ತರುವಾಯ ಅದನ್ನು ಅಂಟಿಸಲು ಶಕ್ತವಾಗಿ, ಅನೇಕ ದಿನಗಳವರೆಗೆ ಹಾಗೆಯೇ ಉಳಿಯುವುದು. ನಂಜು ಹೊಕ್ಕ ಗಿಡದಲ್ಲಿ ಚಿಹ್ನೆಗಳು ತೋರುವುದಕ್ಕೆ ಸಾಮಾನ್ಯವಾಗಿ ಎರಡು ಮೂರು ವಾರಗಳು ಹಿಡಿಯುತ್ತವೆ.

ಈ ಕೊನೆಯ ಸಂಗತಿಯೇ ರೈತರು ಮುಖ್ಯವಾಗಿ ಗಮನಿಸತಕ್ಕದ್ದು. ಎಲೆ ಮುದುರಿದ್ದನ್ನು ಕಂಡು ಔಷಧ ತರಲು ಹೊರಡುವವನು ಎರಡು ವಾರ ತಡಮಾಡಿದಂತೆಯೇ ಸರಿ. ಔಷಧವು ನೊಣವನ್ನು ಕೊಲ್ಲುವುದೇ ಹೊರತು ಗಿಡದೊಳಗಿನ ನಂಜನ್ನು ತೆಗೆಯಲಾರದು. ಆದುದರಿಂದ ಸಾಲ ಮಾಡಿ ಕಡೆಯಲ್ಲಿ ಹತ್ತು ಸಲ ಹೊಡೆಯುವುದಕ್ಕಿಂತ ಆರಂಭದಲ್ಲಿ ಎಚ್ಚರವಾಗಿರುವುದು ಲೇಸು.

1. ಒಟ್ಲುಪಾತಿಯನ್ನು ಬೀಜ ಮೊಳೆತ ದಿನದಿಂದಲೇ ಸಣ್ಣ ಕಣ್ಣಿನ ನೈಲಾನ್ ಪರದೆಯಿಂದ ಮುಚ್ಚಬೇಕು.

2. ನಾಟಿಗೆ ಕೆಲವು ವಾರ ಮುಂಚಿತವಾಗಿ ಹೊಲದ ಸುತ್ತ ಮುಸುಕಿನ ಜೋಳವನ್ನು ಒತ್ತಾಗಿ ಬಿತ್ತಬೇಕು.

3. ನಾಟಿಯಾದ ಮೊದಲ ತಿಂಗಳಿನಲ್ಲಿ ಎಲೆಗಳ ಕೆಳಮೈಯನ್ನು ಆಗಾಗ್ಗೆ ಪರೀಕ್ಷಿಸಿ, ನೊಣ ಕಂಡೊಡನೆ ಇಲಾಖೆಯವರು ಸೂಚಿಸುವ ಔಷಧವನ್ನು ಕೆಳಮೈ ತೋಯುವಂತೆ ಸಿಂಪಡಿಸಬೇಕು. ಒಂದೇ ವರ್ಗದ ಔಷಧವನ್ನು ಪದೇ ಪದೇ ಹೊಡೆದರೆ ನೊಣಗಳು ಅದಕ್ಕೆ ಒಗ್ಗಿಹೋಗುತ್ತವೆ. ಕೊಯ್ಲಿಗೆ ಮುಂಚೆ ಬಿಡಬೇಕಾದ ದಿನಗಳನ್ನು ತಪ್ಪದೆ ಬಿಡತಕ್ಕದ್ದು.

4. ಆರಂಭದಲ್ಲಿಯೇ ರೋಗ ತೋರಿದ ಗಿಡಗಳನ್ನು ಕಿತ್ತು ಹೂಳಬೇಕು.

ಮೆಣಸಿನಕಾಯಿಯ ಮೊಸಾಯಿಕ್ ರೋಗದ ವಿಷಯ ಬೇರೆ. ಅದನ್ನು ಹರಡುವ ಸಸ್ಯಹೇನು ಒಮ್ಮೆ ಚುಚ್ಚಿದ ಕ್ಷಣಮಾತ್ರದಲ್ಲಿ ನಂಜನ್ನು ಅಂಟಿಸಬಲ್ಲುದಾದ್ದರಿಂದ ಔಷಧದ ಪ್ರಯೋಜನ ಸ್ವಲ್ಪವೇ; ಅಲ್ಲಿ ಪರದೆ ಮತ್ತು ಅಂಚಿನ ಬೆಳೆಗಳೇ ಮುಖ್ಯ.

ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಂಬ ಟೊಮಾಟೊ ತಳಿಯು ಎಲೆಮುಟುರು ರೋಗವನ್ನು ತಡೆಯುವ ಗುಣವುಳ್ಳದ್ದು. ರೋಗ ಹೆಚ್ಚಾಗಿರುವ ಗ್ರಾಮಗಳಲ್ಲಿ ಇಂತಹ ತಳಿಗಳನ್ನು ಆರಿಸುವುದು ಉಚಿತ.

ಕಡೆಯದಾಗಿ, ಇದು ಒಬ್ಬನ ಹೊಲದ ಕೆಲಸವಲ್ಲ. ಫಸಲು ಮುಗಿದ ಹಳೆಯ ತೋಟವನ್ನು ಹಾಗೆಯೇ ಬಿಟ್ಟರೆ ಅದು ನೊಣದ ಗೂಡಾಗುವುದು. ಔಷಧ ಹೊಡೆಯದೆ ಕಿತ್ತರೆ ನೊಣಗಳೆಲ್ಲ ನೆರೆಯವನ ಎಳೆಯ ಪೈರಿಗೆ ಹಾರುವುವು. ಆದಕಾರಣ ಮೊದಲು ಸಿಂಪಡಿಸಿ, ಅನಂತರ ಕಿತ್ತು, ಬದುಗಳ ಮೇಲಿನ ಪಾರ್ಥೇನಿಯಂ ಮೊದಲಾದ ಕಳೆಗಳನ್ನೂ ತೆಗೆದು, ಆಮೇಲೆ ಹೊಸ ನಾಟಿಗೆ ತೊಡಗಬೇಕು. ಗ್ರಾಮದ ಮುಖಂಡರೂ ಜಮೀನುದಾರರೂ ಒಟ್ಟುಗೂಡಿ ಇದಕ್ಕೆ ದಿನ ಗೊತ್ತುಮಾಡಿ, ತಮ್ಮ ಹೊಲಗಳಲ್ಲಿಯೇ ಮೊದಲು ನಡೆಸಿ ತೋರಿಸಿದರೆ ಸಣ್ಣ ಹಿಡುವಳಿದಾರರ ಬೆಳೆಯೂ ಉಳಿಯುವುದು.