ದೋಷಶೋಧನೆಯ ದಾರಿ

ಆಧುನಿಕ ಜೀವನದಲ್ಲಿ ಮಾಹಿತಿಯ ಸಂಗ್ರಹಕ್ಕೆ ಹಿರಿದಾದ ಸ್ಥಾನವಿದೆ. ಬ್ಯಾಂಕಿನ ಲೆಕ್ಕ, ರೈಲಿನ ಮುಂಗಡ ಟಿಕೆಟ್ಟು, ಪರೀಕ್ಷೆಯ ಅಂಕಗಳು ಇವೆಲ್ಲವೂ ಕಂಪ್ಯೂಟರಿನ ಮಾಹಿತಿ ಭಂಡಾರದಲ್ಲಿ ಅಡಕವಾಗಿರುತ್ತವೆ. ಈ ಭಂಡಾರವೇ ಡೇಟಾಬೇಸ್. ಮಾಹಿತಿಯನ್ನು ಕೋಷ್ಟಕಗಳಲ್ಲಿ ಅಳವಡಿಸುವ ತತ್ತ್ವವನ್ನು 1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಎಂಬ ವಿಜ್ಞಾನಿ ಪ್ರತಿಪಾದಿಸಿದರು. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್‌ಕ್ಯೂಎಲ್ ಮೊದಲಾದವು ಆ ತತ್ತ್ವವನ್ನು ಅನುಸರಿಸಿದ ಡೇಟಾಬೇಸ್‌ಗಳು.

ಪ್ರತಿದಿನವೂ ನಡೆಯಬೇಕಾದ ಕೆಲಸಗಳಿಗಾಗಿ ಆಜ್ಞೆಗಳನ್ನು ಒಂದರ ಕೆಳಗೊಂದರಂತೆ ಒಂದು ಕಡತದಲ್ಲಿ ಬರೆದಿಡುತ್ತಾರೆ. ಅದಕ್ಕೆ ಸ್ಕ್ರಿಪ್ಟ್ ಎಂದು ಹೆಸರು. ಅಕ್ಷರರೂಪದ ಆಜ್ಞೆಗಳಿಂದಲೇ ಕಂಪ್ಯೂಟರನ್ನು ನಡೆಸುವ ಕ್ರಮವು ಕಮಾಂಡ್ ಲೈನ್. ಎಲ್ಲರೂ ಮಲಗಿರುವ ವೇಳೆಯಲ್ಲಿ ಮಾಹಿತಿಯ ಪ್ರತಿಯನ್ನು ತೆಗೆದಿಡುವ ಹೊಣೆಯೂ ಇಂತಹ ಸ್ಕ್ರಿಪ್ಟಿನದೇ. ಡೇಟಾಬೇಸಿನೊಡನೆ ಸಂಪರ್ಕ ಏರ್ಪಡದಿದ್ದರೆ ಆ ಕೆಲಸವೆಲ್ಲ ನಿಂತುಹೋಗುತ್ತದೆ.

ಆಗ ಊಹೆಯಿಂದ ಅದನ್ನಿದನ್ನು ಬದಲಿಸುತ್ತ ಹೋದರೆ ಒಂದು ದೋಷದೊಡನೆ ಮತ್ತೊಂದು ಸೇರೀತು. ಪರವೂರಿನ ಮನೆಗೆ ಹೋಗುವವನು ಮೊದಲು ಊರನ್ನು ಸೇರಬೇಕು. ಮನೆಯ ಬಾಗಿಲು ತೆರೆದಿರಬೇಕು. ಮನೆಯವರು ಅವನ ಗುರುತು ಹಿಡಿಯಬೇಕು. ಅವನು ಅರಸಿ ಬಂದುದು ಅಲ್ಲಿರಬೇಕು. ಸ್ಕ್ರಿಪ್ಟಿನ ಕೋರಿಕೆಗೂ ಇವೇ ನಾಲ್ಕು ಹಂತಗಳು. ಅದು ಎಲ್ಲಿಯವರೆಗೆ ಸಾಗಿತೆಂಬುದನ್ನು ದೋಷಸಂದೇಶವೇ ತಿಳಿಸುತ್ತದೆ. ಬಹಳ ಹೊತ್ತು ಕಾದರೂ ಉತ್ತರ ಬಾರದಿದ್ದರೆ ವಿಳಾಸ ತಪ್ಪಾಗಿರಬಹುದು, ಇಲ್ಲವೆ ನಡುವೆ ತಡೆಯಿರಬಹುದು. ‘ಕನೆಕ್ಷನ್ ರೆಫ್ಯೂಸ್ಡ್’ ಎಂದು ಬಂದರೆ ಸಾಮಾನ್ಯವಾಗಿ ಕಂಪ್ಯೂಟರ್ ಸಿಕ್ಕಿದೆ, ಬಾಗಿಲು ಮುಚ್ಚಿದೆ. ಪೋರ್ಟ್ ಎಂಬ ಈ ಬಾಗಿಲಿನ ಸಂಖ್ಯೆ ವಾಡಿಕೆಯಂತೆ ಮೈಎಸ್‌ಕ್ಯೂಎಲ್‌ಗೆ 3306, ಪೋಸ್ಟ್‌ಗ್ರೆಸ್‌ಕ್ಯೂಎಲ್‌ಗೆ 5432. ಮೈಎಸ್‌ಕ್ಯೂಎಲ್ 1045 ಎಂಬ ಸಂಖ್ಯೆಯನ್ನು ತೋರಿಸಿದರೆ ಹೆಸರು ಅಥವಾ ಗುಪ್ತಪದವನ್ನು ಒಪ್ಪಲಿಲ್ಲವೆಂದೂ, 1049 ಎಂದರೆ ಕೇಳಿದ ಡೇಟಾಬೇಸ್ ಅಲ್ಲಿಲ್ಲವೆಂದೂ ಅರ್ಥ.

ಕೆಲವೊಮ್ಮೆ ಅದೇ ಹೆಸರು, ಅದೇ ಗುಪ್ತಪದಗಳಿದ್ದರೂ ವೆಬ್ ಪುಟದಲ್ಲಿ ಏರ್ಪಡುವ ಸಂಪರ್ಕವು ಕಮಾಂಡ್ ಲೈನಿನಲ್ಲಿ ಏರ್ಪಡುವುದಿಲ್ಲ. ಇದಕ್ಕೂ ಕಾರಣವುಂಟು. ಪಿಎಚ್‌ಪಿ ಭಾಷೆಯಲ್ಲಿ ಇವೆರಡಕ್ಕೂ ಬೇರೆ ಬೇರೆ ಸಂಯೋಜನಾ ಕಡತಗಳಿರಬಹುದು. ಲಿನಕ್ಸ್‌ನಲ್ಲಿ ಮೈಎಸ್‌ಕ್ಯೂಎಲ್ ‘ಲೋಕಲ್‌ಹೋಸ್ಟ್’ ಎಂಬ ಹೆಸರನ್ನು ಕಂಡರೆ ಸಾಕೆಟ್ ಎಂಬ ವಿಶೇಷ ಕಡತದ ಮೂಲಕವೂ, 127.0.0.1 ಎಂಬ ಅಂಕಿಯನ್ನು ಕಂಡರೆ ಪೋರ್ಟಿನ ಮೂಲಕವೂ ಸಾಗುತ್ತದೆ. ಅರ್ಥ ಒಂದೇ ಆದರೂ ದಾರಿ ಎರಡು. ನಿಗದಿತ ವೇಳೆಗೆ ಸ್ಕ್ರಿಪ್ಟನ್ನು ನಡೆಸುವ ಕ್ರಾನ್ ಎಂಬ ವ್ಯವಸ್ಥೆಯು ಬಳಕೆದಾರನು ತನಗಾಗಿ ಮಾಡಿಕೊಂಡ ಏರ್ಪಾಡುಗಳನ್ನು ತಾನಾಗಿ ಓದುವುದಿಲ್ಲ. ಆದುದರಿಂದ ಹಗಲು ಕೈಯಿಂದ ನಡೆಸಿದಾಗ ಸರಿಯಾಗಿದ್ದ ಸ್ಕ್ರಿಪ್ಟ್ ರಾತ್ರಿ ಸೋಲಬಹುದು.

ಸಂದೇಶ ನೀಡುವ ದೋಷಕ್ಕಿಂತ ಸದ್ದಿಲ್ಲದ ದೋಷ ಹೆಚ್ಚು ಅಪಾಯಕರ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಮುಖ್ಯ ಡೇಟಾಬೇಸಿನ ಮಾಹಿತಿಯು ಕೈತಪ್ಪಿನಿಂದ ಅಳಿಸಿಹೋಯಿತು. ದಿನವೂ ಪ್ರತಿ ತೆಗೆಯುವ ಏರ್ಪಾಡು ಅಲ್ಲಿತ್ತು. ಆದರೆ ಹುಡುಕಿದಾಗ ಪ್ರತಿಗಳೇ ಇರಲಿಲ್ಲ! ಡೇಟಾಬೇಸ್ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ 9.6ನೆಯ ಆವೃತ್ತಿಯದು, ಪ್ರತಿ ತೆಗೆಯುವ ಉಪಕರಣವೋ 9.2ನೆಯದು. ಎರಡೂ ಹೊಂದದೆ ಕೆಲಸ ನಿಂತಿತ್ತು. ಅದನ್ನು ತಿಳಿಸಬೇಕಾದ ಎಚ್ಚರಿಕೆಯ ಮಿಂಚಂಚೆಗಳೂ ತಿರಸ್ಕೃತವಾಗಿ ಯಾರ ಕೈಗೂ ಸೇರಿರಲಿಲ್ಲ. ಸುಮಾರು ಆರು ಗಂಟೆ ಮೊದಲು ಒಬ್ಬ ಇಂಜಿನಿಯರ್ ಬೇರೊಂದು ಕಾರ್ಯಕ್ಕಾಗಿ ತೆಗೆದಿಟ್ಟಿದ್ದ ಪ್ರತಿಯೊಂದು ಅದೃಷ್ಟವಶಾತ್ ಉಳಿದಿತ್ತು. ಆ ಆರು ಗಂಟೆಗಳಲ್ಲಿ ಸೇರಿದ ಮಾಹಿತಿ ಮಾತ್ರ ಮರಳಿ ಬರಲಿಲ್ಲ. ಸಂಸ್ಥೆಯು ಈ ಸಂಗತಿಯನ್ನು ಮರೆಮಾಚದೆ ಲೋಕಕ್ಕೆಲ್ಲ ತಿಳಿಸಿದುದು ಮೆಚ್ಚತಕ್ಕ ವಿಷಯ.

ಸಂದೇಶವನ್ನು ಪೂರ್ತಿಯಾಗಿ ಓದುವುದು, ಹಂತಗಳನ್ನು ಕ್ರಮವಾಗಿ ಪರೀಕ್ಷಿಸುವುದು, ಒಮ್ಮೆಗೆ ಒಂದನ್ನೇ ಬದಲಿಸುವುದು, ಕೆಲಸ ನಡೆದಿದೆಯೆಂದು ನಂಬಿ ಕೂರದೆ ಕಣ್ಣಾರೆ ನೋಡುವುದು – ಇವು ದೋಷಶೋಧಕನ ಸಾಧನಗಳು. ಇವುಗಳಿಗೆ ಬೇಕಾದುದು ವಿಶೇಷ ಪ್ರತಿಭೆಯಲ್ಲ. ತಾಳ್ಮೆ ಮತ್ತು ಪ್ರಾಮಾಣಿಕತೆ.

ಅಭ್ಯಾಸ

1. ಡೇಟಾಬೇಸಿನ ಸಂಪರ್ಕದಲ್ಲಿರುವ ನಾಲ್ಕು ಹಂತಗಳನ್ನು ವಿವರಿಸಿರಿ.
2. ‘ಅರ್ಥ ಒಂದೇ ಆದರೂ ದಾರಿ ಎರಡು’ – ಈ ಮಾತನ್ನು ಸಂದರ್ಭಸಹಿತ ಸ್ಪಷ್ಟಪಡಿಸಿರಿ.
3. ಸದ್ದಿಲ್ಲದ ದೋಷವು ಹೆಚ್ಚು ಅಪಾಯಕರವೇಕೆ?